ಹತ್ತುವವನ ಜೇಬಿನಲ್ಲಿ

ಶಿಕಾರಿಪುರ
17-4-1978, ಸೋಮವಾರ

ಪ್ರೀತಿಯ ಗೆಳೆಯ ಕಲ್ಲಪ್ಪನಿಗೆ, ಮಸ್ತಾನ್ ಸಾಬನಿಂದ ಸಲಾಮೂ ನಮಸ್ಕಾರವೂ.

ಅಕ್ಷರ ನೋಡಿದ ಕೂಡಲೇ ಹರಿದು ಒಲೆಗೆ ಹಾಕಬೇಡ ಮಾರಾಯ, ನಾಲ್ಕು ಸಾಲಾದರೂ ಓದು. ಎರಡು ವರ್ಷದಿಂದ ಒಂದು ಕಾರ್ಡು ಕೂಡ ಹಾಕದವನು ಈಗ ಯಾವ ಮುಖ ಇಟ್ಟುಕೊಂಡು ಬರೆಯುತ್ತಿದ್ದಾನೆ ಎಂದು ನೀನು ಗೊಣಗುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ತಪ್ಪು ನನ್ನದೇ. ಅಂಗಡಿ, ಮದುವೆ ಸೀಸನ್ನು, ರೇಡಿಯೊ ರಿಪೇರಿ ಎಂದು ನೆಪ ಹೇಳಬಹುದು. ಆದರೆ ಹನ್ನೊಂದು ವರ್ಷ ನನ್ನ ಏಣಿ ಹಿಡಿದವನು ನೀನು, ನನ್ನ ನೆಪಗಳು ನಿನಗೆ ಗೊತ್ತು. ಎಷ್ಟೋ ಸಲ ಪೆನ್ನು ಹಿಡಿದೆ, ಇಟ್ಟೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಕುಬ್ರಾ ಬೀಗೆ ಮಂಡಿ ನೋವು, ಅದರ ಸಿಟ್ಟೆಲ್ಲ ನನ್ನ ಮೇಲೆ. ಅಂಗಡಿಗೆ ಹೊಸ ಬೋರ್ಡು ಬರೆಸಿದೆ. ಪೇಂಟರು 'ಕಲ್ಲಪ್ಪ ಅಂಡ್ ಮಸ್ತಾನ್' ಅಂತಲೇ ಬರೀಲಾ ಎಂದು ಕೇಳಿದ. ಬರಿ ಎಂದೆ. ಹಾಗೇ ಇದೆ, ಬಂದಾಗ ನೋಡು.

ವಿಷಯಕ್ಕೆ ಬರುತ್ತೇನೆ. ಮೊನ್ನೆ ನಿನ್ನ ಬಂಗಾರಮ್ಮ ಇಲ್ಲಿ ತಂಗಿ ಮನೆಗೆ ಬಂದವಳು ನನ್ನ ಅಂಗಡಿ ಮೆಟ್ಟಿಲು ಹತ್ತಿದಳು. ಸ್ಟೂಲು ಕೊಟ್ಟರೆ ಕೂರಲಿಲ್ಲ. "ಮಸ್ತಾನಣ್ಣಾ, ನಿಮ್ಮಿಬ್ಬರ ಜಗಳ ನಂಗೆ ಬ್ಯಾಡ. ಒಂದು ಕಾಗ್ದ ಬರೀರಿ, ಅಷ್ಟು ಸಾಕು" ಎಂದಳು. ಏನಮ್ಮಾ ಆಯಿತು ಎಂದರೆ ಶುರು ಮಾಡಿದಳು.

"ನಮ್ಮ ಹೊಸಬಾಳೆಗೆ ಕುಡಿಯೋ ನೀರಿನ ಪಂಪು ಬಂದೈತೆ. ಅದನ್ನ ನೋಡ್ಕಳಾಕೆ ಒಬ್ರು ಬೇಕು. ಕರೆಂಟಿನ ಕೆಲ್ಸ ಬಲ್ಲೋನು ಅಂದ್ರೆ ಕಲ್ಲಪ್ಪನೇ ಅಂತ ಚೇರ್ಮನ್ರು ಎರಡು ಸಲ ಮನೆಗೆ ಬಂದ್ರು. ಇವ್ರು ಒಲ್ಲೆ ಅಂತಾರೆ. ಫ್ಯೂಸ್ ಕೀಳಾದು ಮರ್ತೋನ ಕೈಗೆ ಊರ ಮೋಟ್ರು ಕೊಡ್ತೀರೇನ್ರೀ, ನಾಳೆ ಯಾರಾದ್ರೂ ಸತ್ರೆ ಏನ್ಮಾಡ್ತೀರಿ ಅಂತ ಅವ್ರಿಗೇ ಕೇಳಿದ್ರು. ಮೇ ಎಂಟು ಸೋಮವಾರ ಪಂಚಾಯ್ತಿ ಮೀಟಿಂಗು. ಅವತ್ತು ಹೋಗಿ ಹೂಂ ಅನ್ನದಿದ್ರೆ ಬ್ಯಾರೇರಿಗೆ ಕೊಡ್ತಾರೆ."

ಅಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲವೇನೋ. ದನ ಕಟ್ಟಿದ ಮೇಲೆ ಮೂರು ಸಲ ಹೋಗಿ ಹಗ್ಗ ಮುಟ್ಟಿ ನೋಡುತ್ತೀಯಂತೆ. ಬಾಗಿಲ ಅಗಳಿ ಹಾಕಿ ಮಲಗಿದವನು ಮತ್ತೆ ಎದ್ದು ನೋಡುತ್ತೀಯಂತೆ. "ಒಂದಿನ ಉಂಡು ಕೈ ತೊಳ್ಕಂಡು ಬಂದು, 'ಬಂಗಾರೀ, ನಾನು ಉಂಡ್ನೇನೇ?' ಅಂದ್ರು. ತಮಾಷೆ ಅಂದ್ಕಂಡು ನಕ್ಕೆ. ತಮಾಷೆ ಅಲ್ಲ ಅಣ್ಣಾ. ಕಣ್ಣಾಗೆ ನೀರಿತ್ತು" ಎಂದಳು. ಇಷ್ಟು ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟೇಬಿಟ್ಟಳು.

ನಿನಗೇನು ಹುಚ್ಚೇನೋ ಕಲ್ಲಪ್ಪ? ಎರಡು ವರ್ಷದ ಹಿಂದೆ ಒಂದು ಸಂಜೆ ಒಂದು ಕೆಲಸ ತಪ್ಪಿತು. ಸೊರಬದಲ್ಲಿ ಸದಾಶಿವಪ್ಪನವರ ರೈಸ್ ಮಿಲ್ಲಿನ ಪ್ರಾರಂಭ. ಒಂದು ಬಲ್ಬು ಹೋಗಿ ಮುಂಭಾಗದ ದೀಪದ ಸರ ಪೂರ್ತಿ ಆರಿತು. ನೀನು ಏಣಿ ಹತ್ತಿದೆ, ಕರೆಂಟು ಹೊಡೆಯಿತು, ಬಿದ್ದೆ. ಬಲಗೈಯ ಎರಡು ಬೆರಳು ಸುಟ್ಟು ಸೆಟೆದವು, ಕಾಲು ಕುಂಟಾಯಿತು. ಬೋರ್ಡಿನಲ್ಲಿ ಫ್ಯೂಸು ಹಾಗೇ ಇತ್ತು, ಜನ ನೋಡಿದರು. ಮನುಷ್ಯ ಮರೆಯುತ್ತಾನೆ. ನಾನು ಮದುವೆ ದಿನ ಕುಬ್ರಾಳ ಹೆಸರೇ ಮರೆತು ಖಾಜಿಯವರ ಮುಂದೆ ತಡವರಿಸಿದವನು. ಅದಕ್ಕಾಗಿ ಜೀವನವಿಡೀ ಮೂಲೆ ಹಿಡಿದು ಕೂರುವುದೇ?

ಇನ್ನೊಂದು ಮಾತು, ಒಪ್ಪಿಕೊಳ್ಳಲು ನನಗೆ ಕಷ್ಟ. ನಮ್ಮ ಹಳೆಯ ಜಗಳದಲ್ಲಿ ನೀನೇ ಸರಿ. ಆರು ವೋಲ್ಟಿನ ನಲವತ್ತು ಬಲ್ಬುಗಳನ್ನು ಒಂದರ ಹಿಂದೊಂದು ಸೀರೀಸಿನಲ್ಲಿ ಪೋಣಿಸಿ ನೇರ ಇನ್ನೂರ ಮೂವತ್ತಕ್ಕೆ ಸಿಕ್ಕಿಸುವುದು ನನ್ನ ಪದ್ಧತಿ. ತೆಳ್ಳನೆ ವೈರು, ಹಗುರ, ಸುಲಭ. ನೀನು ಬೇಡ ಎನ್ನುತ್ತಿದ್ದೆ. "ಇದು ಬಾವಿಯಿಂದ ಕೈಯಿಂದ ಕೈಗೆ ಕೊಡ ದಾಟಿಸೋ ಸಾಲು ಕಣೋ. ನಡುವೆ ಒಬ್ಬ ಕೈ ಬಿಟ್ರೆ ಎಲ್ರಿಗೂ ನೀರಿಲ್ಲ. ಅಷ್ಟೇ ಆದ್ರೆ ಸರಿ. ಹೋದ ಬಲ್ಬಿನ ಜಾಗದಾಗೆ ಪೂರ್ತಿ ಇನ್ನೂರ ಮೂವತ್ತು ಕಾಯ್ಕಂಡು ಕುಂತಿರ್ತದೆ. ಜನ ಆರು ವೋಲ್ಟಿನ ಬಲ್ಬು ಏನ್ಮಾಡ್ತದೆ ಅಂತ ಬೆರಳು ಹಾಕ್ತಾರೆ" ಎನ್ನುತ್ತಿದ್ದೆ. ಟ್ರಾನ್ಸ್‌ಫಾರ್ಮರ್ ಇಟ್ಟು ಕರೆಂಟು ಇಳಿಸಿ, ಪ್ಯಾರಲಲ್ಲಿನಲ್ಲಿ ಪ್ರತಿ ಬಲ್ಬಿಗೂ ಅದರದೇ ದಾರಿ ಕೊಡು ಎನ್ನುತ್ತಿದ್ದೆ. ನಾನು ನಿನಗೆ ಹೆದರುಪುಕ್ಕಲ ಎಂದೆ. ನಾನು ಕೇಳದಿದ್ದಾಗ ನೀನು ಒಂದು ಕಾನೂನು ಮಾಡಿದೆ: ಏಣಿ ಹತ್ತುವವನೇ ಬೋರ್ಡಿನ ಪಿಂಗಾಣಿ ಫ್ಯೂಸು ಕೀಳಬೇಕು, ಕಿತ್ತದ್ದು ಹತ್ತುವವನ ಜೇಬಿನಲ್ಲೇ ಇರಬೇಕು. ಬೋರ್ಡಿನಲ್ಲಿ ಫ್ಯೂಸು ಇಲ್ಲ ಎಂದರೆ ಮೇಲೆ ಒಂದು ಜೀವ ಇದೆ ಎಂದು ಅರ್ಥ.

ಈಗ ಅದೇ ಸದಾಶಿವಪ್ಪನವರ ಮಗಳ ಮದುವೆ, ಮೇ ಹದಿನೆಂಟು, ಸೊರಬದಲ್ಲಿ. ನಲವತ್ತೆಂಟು ಬಲ್ಬಿನ ದೊಡ್ಡ ತೂಗುದೀಪ ಬೇಕಂತೆ. ಈ ಸಲ ಟ್ರಾನ್ಸ್‌ಫಾರ್ಮರ್ ಇಟ್ಟೇ ಮಾಡುತ್ತೇನೆ. ನೀನು ಏಣಿ ಹತ್ತಬೇಡ, ಏನನ್ನೂ ಮುಟ್ಟಬೇಡ, ಬಂದು ಕುರ್ಚಿಯಲ್ಲಿ ಕೂತು ನನ್ನನ್ನು ಬೈಯುತ್ತಿದ್ದರೂ ಸಾಕು. ಅದಕ್ಕಿಂತ ಮೊದಲು ಎಂಟನೇ ತಾರೀಕು ಪಂಚಾಯ್ತಿಗೆ ಹೋಗಿ ಹೂಂ ಅನ್ನು.

ಅಲ್ಲಾಹ್, ನಿಮ್ಮ ಊರಮ್ಮ, ಇಬ್ಬರೂ ನಿನ್ನನ್ನು ಕಾಯಲಿ.

ನಿನ್ನ,
ಮಸ್ತಾನ್

ಮರೆತಿದ್ದೆ: ಬಂಗಾರಮ್ಮನನ್ನು ಬೈಯಬೇಡ. ಅವಳು ಬಾರದಿದ್ದರೂ ನಾನು ಬರೆಯುತ್ತಿದ್ದೆ ಎಂದು ಸುಳ್ಳು ಹೇಳುವುದಿಲ್ಲ.

---

ಶಿಕಾರಿಪುರ
27-4-1978, ಗುರುವಾರ

ಕಲ್ಲಪ್ಪನಿಗೆ ಸಲಾಮು.

ನಿನ್ನ ಕಾಗದ ಬಂದು ಐದು ದಿನವಾಯಿತು. ತಡಕ್ಕೆ ಕ್ಷಮಿಸು. ಎಡಗೈಯಲ್ಲಿ ಬರೆದಿದ್ದೀಯ, ಅಕ್ಷರಗಳು ಒಂದೊಂದೂ ಒಂದೊಂದು ಕಡೆ ವಾಲಿವೆ. ಮೊದಲು ಯಾರೋ ಒಂದನೇ ಕ್ಲಾಸಿನವರು ಬರೆದದ್ದು ಎಂದುಕೊಂಡೆ. ಆಮೇಲೆ ತಿಳಿಯಿತು. ಕುಬ್ರಾ ಯಾರದು ಎಂದಳು. ಗಿರಾಕಿಯದು ಎಂದೆ.

ಪಂಪಿನ ಬಗ್ಗೆ ಒಂದೇ ಒಂದು ಮಾತಿಲ್ಲ, ಮದುವೆ ದೀಪದ ಬಗ್ಗೆ ಮಾತಿಲ್ಲ. ಬರೀ ಆ ಸಂಜೆಯದೇ ಕೇಳಿದ್ದೀಯ. ನಿನ್ನ ಸಾಲುಗಳು ನನಗೆ ಬಾಯಿಪಾಠವಾಗಿವೆ: 'ನಂಗೆ ನೆನಪಿರೋದು ಇಷ್ಟು. ಫ್ಯೂಸ್ ಕಿತ್ತೆ. ಅಂಗಿ ಜೇಬಿಗೆ ಹಾಕ್ದೆ. ಏಣಿ ಹತ್ತುವಾಗ ಎದೆಗೆ ಒತ್ತುತ್ತಿತ್ತು. ಸದಾಶಿವಪ್ಪನೋರ ಭಾಷಣ ಮೈಕಲ್ಲಿ ಬರ್ತಿದ್ದಿದ್ದು ಪಕ್ಕನೆ ನಿಂತಿದ್ದೂ ನೆನಪೈತೆ. ಆದ್ರೆ ಫ್ಯೂಸು ಬೋರ್ಡಲ್ಲೇ ಇತ್ತು ಅಂತ ಹತ್ತು ಜನ ಹೇಳ್ತಾರೆ. ಹತ್ತು ಜನ ಬ್ಯಾಡ, ನೀನೊಬ್ಬ ಹೇಳು. ನನ್ನ ಎತ್ತಿ ಜೀಪಿಗೆ ಹಾಕಿದೋನು ನೀನು. ಜೇಬು ಖಾಲಿ ಇತ್ತಾ? ಖಾಲಿ ಇದ್ರೆ ನನ್ನ ತಲೆ ಕೆಟ್ಟಿದೆ ಅಂತ ಒಪ್ಕಂತೀನಿ. ಮತ್ತೆ ಕೇಳಲ್ಲ.'

ಇದೇನು ಕೋರ್ಟೇನೋ? ಎರಡು ವರ್ಷದ ಮೇಲೆ ಜೇಬಿನ ಲೆಕ್ಕ ಕೇಳುತ್ತೀಯಲ್ಲ! ಮೈಕು ನಿಂತದ್ದಕ್ಕೆ ಏನು ಹೇಳಲಿ, ಆ ಆಂಪ್ಲಿಫೈಯರು ಯಾವ ಸಭೆಯಲ್ಲಿ ನಿಂತಿಲ್ಲ ಹೇಳು. ಸದಾಶಿವಪ್ಪನವರು ಮೂರು ದಿನ ಬಾಯಿಪಾಠ ಮಾಡಿದ ಭಾಷಣ ನಡುವೆ ನಿಂತರೆ ದೇವರೇ ದಯೆ ತೋರಿದ ಎಂದು ಜನ ನಕ್ಕರು. ಅಷ್ಟೇ ಅದರ ಕಥೆ.

ಇರಲಿ. ಸಿಟ್ಟು ಬೇಡ. ನಿನಗೆ ದೀಪದ ವಿಷಯ ಹೇಳುತ್ತೇನೆ, ಅದನ್ನು ಹೇಳಲು ಬೇರೆ ಯಾರಿದ್ದಾರೆ ನನಗೆ?

ಹನ್ನೆರಡು ವೋಲ್ಟಿನ ಟ್ರಾನ್ಸ್‌ಫಾರ್ಮರ್ ನಾನೇ ಸುತ್ತಿದೆ, ನಾಲ್ಕು ದಿನ ಹಿಡಿಯಿತು. ಬಲ್ಬು ಆರು ವೋಲ್ಟಿನವು. ಅದಕ್ಕೆ ಎರಡೆರಡನ್ನು ಸೀರೀಸಿನಲ್ಲಿ ಜೋಡಿ ಮಾಡಿದೆ, ಇಪ್ಪತ್ತನಾಲ್ಕು ಜೋಡಿಯನ್ನು ಪ್ಯಾರಲಲ್ಲಿಗೆ ಹಾಕಿದೆ. ಈಗ ಒಂದು ಬಲ್ಬು ಹೋದರೆ ಅದರ ಜೋಡಿಯದು ಮಾತ್ರ ಆರುತ್ತದೆ, ಉಳಿದವು ತಮ್ಮ ಪಾಡಿಗೆ ಉರಿಯುತ್ತವೆ. ಖಾಲಿ ಜಾಗಕ್ಕೆ ಕೈ ಹಾಕಿದರೂ ಹನ್ನೆರಡೇ ವೋಲ್ಟು, ಇರುವೆ ಕಚ್ಚಿದಷ್ಟೂ ಆಗುವುದಿಲ್ಲ. ಮೊದಲ ದಿನ ತೆಳ್ಳನೆ ವೈರು ಹಾಕಿ ಮೂರ್ಖನಾದೆ, ತುದಿಯ ಜೋಡಿಗಳು ಉಪವಾಸ ಇದ್ದವರಂತೆ ಮಂಕಾಗಿದ್ದವು. ದಪ್ಪ ವೈರು ಹಾಕಿದ ಮೇಲೆ ಸರಿಯಾಯಿತು. ನೀನಿದ್ದಿದ್ದರೆ ಮೊದಲೇ ಹೇಳುತ್ತಿದ್ದೆ.

ಇನ್ನೊಂದು ಕೇಳು. ಬೊಂಬಾಯಿಯಿಂದ ಕುಬ್ರಾಳ ತಮ್ಮ ಬಂದಿದ್ದ, ರೇಡಿಯೊ ಅಂಗಡಿಯಲ್ಲಿ ಕೆಲಸ ಅವನಿಗೆ. ಹತ್ತು ಕೆಂಪು ದೀಪ ತಂದುಕೊಟ್ಟ. ದೀಪ ಎಂದರೆ ಹೆಸರು ಕಾಳಿಗಿಂತ ಸ್ವಲ್ಪ ದೊಡ್ಡದು, ಒಳಗೆ ತಂತಿಯಿಲ್ಲ, ಬಿಸಿಯಾಗುವುದಿಲ್ಲ. ಎಲ್‌ಇಡಿ ಅನ್ನುತ್ತಾರಂತೆ. ಎರಡು ವೋಲ್ಟೂ ಬೇಡ ಅದಕ್ಕೆ. ನಿನ್ನ ಪ್ಯಾರಲಲ್ಲೇ ಸರಿ ಎಂದು ಹೊಸದಾಗಿ ದೀಕ್ಷೆ ತೆಗೆದುಕೊಂಡಿದ್ದೆನಲ್ಲ, ಎರಡನ್ನು ಅಕ್ಕಪಕ್ಕ ಪ್ಯಾರಲಲ್ಲಿನಲ್ಲಿ ಕಟ್ಟಿ, ಕರೆಂಟು ತಗ್ಗಿಸಲು ಎರಡಕ್ಕೂ ಸೇರಿ ಒಂದು ರೆಸಿಸ್ಟೆನ್ಸ್ ಹಾಕಿದೆ. ಒಂದು ಕೆಂಡದ ಹಾಗೆ ಉರಿಯಿತು, ಇನ್ನೊಂದು ಮುನಿಸಿಕೊಂಡು ಕೂತಿತು. ಹೆಚ್ಚು ಉರಿದದ್ದು ಎಲ್ಲ ಕರೆಂಟನ್ನೂ ತಾನೇ ಕುಡಿದು ಸ್ವಲ್ಪ ಹೊತ್ತಿಗೆ ಸತ್ತಿತು, ಆಮೇಲೆ ಎರಡನೆಯದೂ ಹೋಯಿತು. ಬೈದುಕೊಂಡು ಐದನ್ನು ಒಂದರ ಹಿಂದೊಂದು ಸೀರೀಸಿನಲ್ಲಿ ಕಟ್ಟಿದೆ. ಐದೂ ಒಂದೇ ಸಮ! ನೋಡಿದೆಯಾ, ಇಲ್ಲಿ ನನ್ನ ಸೀರೀಸೇ ಗೆದ್ದಿತು. ಗೆದ್ದೆ ಎಂದು ಕೂಗಬೇಕು ಅನ್ನಿಸಿತು, ಅಂಗಡಿಯಲ್ಲಿ ಯಾರೂ ಇರಲಿಲ್ಲ.

ಆ ಐದನ್ನು ದೀಪದ ಬುಡದಲ್ಲೇ, ಏಣಿ ಹತ್ತುವವನ ಕಣ್ಣಿಗೆ ಬೀಳುವ ಹಾಗೆ ಕೂರಿಸಿದ್ದೇನೆ. ದೀಪಕ್ಕೆ ಕರೆಂಟು ಬಂದರೆ ಕೆಂಪಗೆ ಉರಿಯುತ್ತವೆ. ಬಲ್ಬೆಲ್ಲ ಸತ್ತಿದ್ದರೂ ಇವು ಹೇಳುತ್ತವೆ. ಇನ್ನು ಮೇಲೆ ಹತ್ತಿದವನು ಕೆಳಗಿದ್ದವನನ್ನು ನಂಬಬೇಕಾಗಿಲ್ಲ.

ಈ ಸಾಲು ಯಾಕೆ ಬರೆದೆನೋ ಗೊತ್ತಿಲ್ಲ. ಹೊಡೆದು ಹಾಕಿದರೆ ಕಾಗದ ಗಲೀಜಾಗುತ್ತದೆ ಎಂದು ಬಿಟ್ಟಿದ್ದೇನೆ.

ಮೀಟಿಂಗಿಗೆ ಇನ್ನು ಹನ್ನೊಂದು ದಿನ. ಹೋಗು ಕಲ್ಲಪ್ಪ. ನಿನ್ನಂಥ ಜಾಗರೂಕ ಮನುಷ್ಯ ಈ ಸೀಮೆಯಲ್ಲಿ ಇಲ್ಲ, ಇದನ್ನು ನಾನು ಯಾವ ಪೀರ್‌ಸಾಹೇಬರ ದರ್ಗಾದಲ್ಲಿ ನಿಂತು ಬೇಕಾದರೂ ಹೇಳುತ್ತೇನೆ. ಬಂಗಾರಮ್ಮನಿಗೆ ನನ್ನ ಆಶೀರ್ವಾದ ಹೇಳು.

ನಿನ್ನ,
ಮಸ್ತಾನ್

ಮತ್ತೆ: ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ನೀನು ಬಿಡುವವನಲ್ಲ. ಜೇಬು ಖಾಲಿ ಇತ್ತು. ಇನ್ನು ಈ ಮಾತು ಸಾಕು.

---

ಶಿಕಾರಿಪುರ
6-5-1978, ಶನಿವಾರ

ಪ್ರೀತಿಯ ಕಲ್ಲಪ್ಪನಿಗೆ,

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ಇಂದು ಹಾಕಿದರೆ ಸೋಮವಾರದ ಒಳಗೆ ಸಿಕ್ಕುವ ಭರವಸೆ ಇಲ್ಲ. ಸೊರಬದ ಬಸ್ಸಿನ ಕಂಡಕ್ಟರ್ ರಾಮಪ್ಪನ ಕೈಗೆ ಕೊಡುತ್ತೇನೆ. ಹೊಸಬಾಳೆಯಲ್ಲಿ ಇಳಿದು ನಿನ್ನ ಕೈಗೇ ಕೊಡಬೇಕು, ಹೋಟೆಲಿನಲ್ಲಿ ಇಟ್ಟು ಹೋಗಬಾರದು ಎಂದು ಹೇಳಿದ್ದೇನೆ. "ಏನ್ ಸಾಬ್ರೇ, ಕಾಗ್ದಕ್ಕೂ ಟಿಕೆಟ್ ತಗಸ್ತೀರೇನು" ಎಂದು ನಕ್ಕ. ತಗಸ್ತೀನಿ ಎಂದೆ. ಜೊತೆಗೆ ನಿನ್ನ ಚೀಲ ಮತ್ತು ಒಂದು ತಗಡಿನ ಡಬ್ಬಿ ಇದೆ. ಡಬ್ಬಿಗೆ ದಾರ ಸುತ್ತಿದ್ದೇನೆ. ಕಾಗದ ಪೂರ್ತಿ ಓದುವ ತನಕ ಅದನ್ನು ಬಿಚ್ಚಬೇಡ.

ನಿನ್ನೆ ನಮಾಜು ಮುಗಿಸಿ ಬರುವಾಗ ಇದೇ ರಾಮಪ್ಪ ಅಂಗಡಿ ಮುಂದೆ ಕಾಯುತ್ತಿದ್ದ. "ಕಲ್ಲಪ್ಪ ಕೊಟ್ಟ್ ಕಳ್ಸ್ಯಾರೆ" ಎಂದು ಖಾಕಿ ಚೀಲ ಕೈಗಿಟ್ಟ. ನೋಡುತ್ತಲೇ ಗೊತ್ತಾಯಿತು. ಬಂಗಾರಮ್ಮ ಹಳೆ ಪ್ಯಾಂಟು ಕತ್ತರಿಸಿ ಹೊಲಿದುಕೊಟ್ಟ ಚೀಲ. ಒಳಗೆ ಸೈಕಲ್ ಟ್ಯೂಬು ಸುತ್ತಿದ ನಿನ್ನ ಕಟಿಂಗ್ ಪ್ಲೇಯರು, ಹಳದಿ ಹಿಡಿಯ ಟೆಸ್ಟರು, ಎರಡು ಸ್ಕ್ರೂಡ್ರೈವರು, ಎಲ್ಲ ಎಣ್ಣೆ ಒರೆಸಿ ಬಟ್ಟೆಯಲ್ಲಿ ಸುತ್ತಿಟ್ಟಿದ್ದೀಯ. ಎರಡು ವರ್ಷ ಮುಟ್ಟದೆ ಇದ್ದರೂ ಒಂದಕ್ಕೂ ತುಕ್ಕಿಲ್ಲ. ಮೇಲೆ ಒಂದು ಚೀಟಿ, ಮತ್ತೆ ಎಡಗೈ ಅಕ್ಷರ: 'ಖಾಲಿ ಇತ್ತು ಅಂದೆ. ಮುಗೀತು. ಸೋಮವಾರ ಹೋಗಲ್ಲ. ಇವು ನಿನಗಾದ್ರೂ ಉಪಯೋಗಕ್ಕೆ ಬರ್ತವೆ.'

ಶಟರು ಅರ್ಧ ಎಳೆದು ಒಳಗೆ ಕೂತೆ. ಆಮೇಲೆ ಬಸ್‌ಸ್ಟ್ಯಾಂಡಿಗೆ ಹೋದೆ. ಸೊರಬದ ಬಸ್ಸು ಬಂತು, ಹತ್ತಿದೆ, ಸೀಟಿನಲ್ಲಿ ಕೂತೆ, ಬಸ್ಸು ಹೊರಡುವ ಹೊತ್ತಿಗೆ ಇಳಿದುಬಿಟ್ಟೆ. ಇಂದು ಬೆಳಿಗ್ಗೆಯೂ ಹೀಗೇ ಆಯಿತು. ನಿನ್ನ ಜಗಲಿಯಲ್ಲಿ ಕೂತರೆ ನೀನು ಮೊದಲು ನೀರು ಬೆಲ್ಲ ಕೊಡುತ್ತೀಯ. ಅದನ್ನು ತಿಂದು ಆಮೇಲೆ ಮಾತಾಡುವ ಧೈರ್ಯ ನನಗಿಲ್ಲ. ಊರಿಗೆಲ್ಲ ಜೋರುಬಾಯಿ ಮಸ್ತಾನ್, ನಿನ್ನ ಮುಂದೆ ಇಲಿ.

ಚೀಲ ವಾಪಸು ಕಳಿಸಿದ್ದೇನೆ. ಇನ್ನೊಂದು ಸಲ ಕಳಿಸಿದರೆ ನಾನು ಮುಟ್ಟುವುದಿಲ್ಲ.

ತೂಗುದೀಪ ಮುಗಿಯಿತು. ನಿನ್ನೆ ಸದಾಶಿವಪ್ಪನವರು ಬಂದು ನೋಡಿದರು. ಬೇಕೆಂದೇ ಒಂದು ಬಲ್ಬು ಕಿತ್ತು ತೋರಿಸಿದೆ. ಎರಡು ಆರಿದವು, ನಲವತ್ತಾರು ಉರಿದವು. ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು. ಆಮೇಲೆ ಆ ಐದು ಕೆಂಪು ಚುಕ್ಕಿ ನೋಡಿ, "ಇದೆಂತಕ್ಕೋ ಮಸ್ತಾನ್? ಅಲಂಕಾರಕ್ಕಾ?" ಎಂದು ಕೇಳಿದರು. ಕಲ್ಲಪ್ಪನಿಗೋಸ್ಕರ ಎಂದೆ. ಅವರು ಮುಖ ಸಣ್ಣ ಮಾಡಿ, "ಪಾಪ, ಒಳ್ಳೆ ಮನುಷ್ಯ. ಮರೆವು ಒಂದು ಇರದಿದ್ರೆ" ಎಂದರು. ನಾನು ಆಗ ಬಾಯಿ ಬಿಡಬೇಕಿತ್ತು. "ಚಾ ಕುಡೀತೀರಾ" ಎಂದೆ.

ನಿನ್ನ ಮನೆ ತಣ್ಣಗಿರಲಿ. ಬಂಗಾರಮ್ಮನ ಕಣ್ಣಲ್ಲಿ ಇನ್ನು ನೀರು ಬಾರದಿರಲಿ. ನಿನ್ನ ದನಕರು, ಗದ್ದೆ, ನಿನ್ನ ಎಡಗೈ, ಬಲಗೈ ಎಲ್ಲ ಸುಖವಾಗಿರಲಿ ಎಂದು ಐದು ಹೊತ್ತೂ ಕೇಳಿಕೊಳ್ಳುತ್ತೇನೆ. ಕೇಳಿಕೊಳ್ಳುವ ಹಕ್ಕು ಇದೆಯೋ ಇಲ್ಲವೋ ನೀನು ಹೇಳಬೇಕು.

ನಿನ್ನ,
ಮಸ್ತಾನ್ ಸಾಬ್

ಸಹಿ ಹಾಕಿದ ಮೇಲೆ ಬರೆಯುತ್ತಿದ್ದೇನೆ: ಈಗ ಡಬ್ಬಿ ಬಿಚ್ಚು.

ಒಳಗಿರುವ ಬಿಳಿ ಪಿಂಗಾಣಿ ತುಂಡನ್ನು ತಿರುಗಿಸಿ ನೋಡು. ಹಿಂದುಗಡೆ ಕೆಂಪು ಬಣ್ಣದಲ್ಲಿ 'ಕ' ಎಂದು ನೀನೇ ಬರೆದದ್ದು. ಅದು ಸದಾಶಿವಪ್ಪನವರ ಮಿಲ್ಲಿನಲ್ಲಿ ನಾವು ಹಾಕಿದ ಬೋರ್ಡಿನ ಫ್ಯೂಸು. ಅದು ನಿನ್ನ ಅಂಗಿ ಜೇಬಿನಲ್ಲಿತ್ತು ಕಲ್ಲಪ್ಪ. ತೆಗೆದವನು ನಾನು.

ನೀನು ಕಿತ್ತದ್ದಕ್ಕೇ ಮೈಕು ನಿಂತದ್ದು. ದೀಪದ ಸರಕ್ಕೂ ಮೈಕಿಗೂ ಒಂದೇ ಫ್ಯೂಸು ಹಾಕಿದ್ದೆನಲ್ಲ, ಅದೂ ನನ್ನ ಸೋಮಾರಿತನವೇ. ಭಾಷಣ ನಿಂತಿತು, ಸದಾಶಿವಪ್ಪನವರು ಎಲ್ಲರ ಮುಂದೆ "ಯಾವ ದರಿದ್ರದವ್ರನ್ನ ಕರೆಸಿದ್ರೋ" ಎಂದು ಕೂಗಿದರು. ನನಗೆ ತಲೆಗೇರಿತು. ಹಿಂದಿನ ಕೋಣೆಯ ಬೋರ್ಡಿಗೆ ಓಡಿದೆ. ಫ್ಯೂಸಿನ ಜಾಗ ಖಾಲಿ ಇತ್ತು. ಖಾಲಿ ಎಂದರೆ ಮೇಲೆ ಒಂದು ಜೀವ ಇದೆ ಎಂದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಈ ಎರಡು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಗೊತ್ತಿತ್ತು. ಇನ್ನೂ ಏಣಿ ಹತ್ತಿರುವುದಿಲ್ಲ, ಒಂದು ನಿಮಿಷ ಭಾಷಣ ಮುಗಿಯಲಿ ಎಂದುಕೊಂಡೆ. ಒಂದು ತುಂಡು ತಾಮ್ರದ ತಂತಿ ಬಗ್ಗಿಸಿ ಆ ಖಾಲಿ ಜಾಗಕ್ಕೆ ಚುಚ್ಚಿದೆ. ಮೈಕು ಕಿರ್ ಎಂದಿತು. ಅದೇ ಹೊತ್ತಿಗೆ ಮುಂದೆ ಧಡ್ ಎಂದಿತು.

ತಂತಿ ಕಿತ್ತು ಎಸೆದೆ, ಓಡಿದೆ, ನಿನ್ನನ್ನು ಎತ್ತಿಕೊಂಡೆ. ಎತ್ತುವಾಗ ನಿನ್ನ ಜೇಬಿನ ಫ್ಯೂಸು ನನ್ನ ಎದೆಗೆ ಒತ್ತಿತು. ಜೀಪಿನಲ್ಲಿ ನಿನ್ನ ತಲೆ ನನ್ನ ತೊಡೆಯ ಮೇಲೆ ಇತ್ತು. ನೀನು ಬದುಕುತ್ತೀಯೋ ಇಲ್ಲವೋ ಎಂದು ಅಳುತ್ತಿದ್ದೆ, ಅದು ನಾಟಕವಲ್ಲ. ಅಳುತ್ತಲೇ ನಿನ್ನ ಜೇಬಿಗೆ ಕೈ ಹಾಕಿ ಅದನ್ನು ತೆಗೆದುಕೊಂಡೆ. ವಾಪಸು ಬಂದು ಬೋರ್ಡಿಗೆ ನನ್ನ ಚೀಲದ ಬೇರೆ ಫ್ಯೂಸು ಹಾಕಿ, ಬನ್ನಿ ನೋಡಿ ಎಂದು ಜನರನ್ನು ಕರೆದು ತೋರಿಸಿದವನೂ ನಾನೇ. ನಿನಗೆ ಎಚ್ಚರವಾದಾಗ "ಯಾಕೋ ಮರ್ತೆ?" ಎಂದು ಮೊದಲು ಕೇಳಿದವನೂ ನಾನೇ.

ಒಮ್ಮೆ ಕುಬ್ರಾ ಡ್ರಾಯರಿನಲ್ಲಿ ಈ ಡಬ್ಬಿ ನೋಡಿ, "ಕೆಟ್ಟುಹೋದ ಫ್ಯೂಸು ಯಾಕೆ ಇಟ್ಟುಕೊಂಡಿದ್ದೀರಿ?" ಎಂದಳು. ಅದು ಕೆಟ್ಟಿಲ್ಲ ಎಂದೆ. ನಿನ್ನೆ ಅವಳಿಗೂ ಎಲ್ಲ ಹೇಳಿದೆ. ಡಬ್ಬಿಯನ್ನು ಡ್ರಾಯರಿನಿಂದ ತೆಗೆದು ನನ್ನ ಕೈಗಿಟ್ಟಳು.

ಇದನ್ನು ಪೊಲೀಸರಿಗೆ ತೋರಿಸುತ್ತೀಯೋ, ತೋರಿಸು. ಸೋಮವಾರ ಬೆಳಿಗ್ಗೆ ನಾನು ನಿಮ್ಮ ಪಂಚಾಯ್ತಿ ಜಗಲಿಯಲ್ಲಿ ಇರುತ್ತೇನೆ. ಈ ಸಲ ಬಸ್ಸಿನಿಂದ ಇಳಿಯದ ಹಾಗೆ ಕುಬ್ರಾಳೇ ಬಂದು ಹತ್ತಿಸುತ್ತಾಳಂತೆ. ಚೇರ್ಮನ್ನರ ಮುಂದೆ, ಎಲ್ಲರ ಮುಂದೆ ಹೇಳುತ್ತೇನೆ. ನೀನು ನನ್ನ ಮುಖ ನೋಡಬೇಕಾಗಿಲ್ಲ. ಕೆಲಸಕ್ಕೆ ಹೂಂ ಎಂದು ಹೇಳಿ ನಿನ್ನ ಪಾಡಿಗೆ ಹೋಗು.

ಇನ್ನು ದನದ ಹಗ್ಗವನ್ನು ಒಂದೇ ಸಲ ಮುಟ್ಟು. ಉಂಡೆನೋ ಇಲ್ಲವೋ ಎಂದು ಬಂಗಾರಮ್ಮನನ್ನು ಕೇಳಬೇಡ. ನಿನಗೆ ನೆನಪಿರುವುದೆಲ್ಲ ನಿಜ.